ಮಳೆ ಬಂದರೆ ಬೆಳ್ಳಿ

ನಮ್ಮ ನಲ್ಲೂರಿನ ಕಡೆ ಮಳೆಗಾಗಿ ಬೇಡಿಕೊಳ್ಳುವುದು ಹೊಸದೇನಲ್ಲ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ತೋಟ ಇಟ್ಟುಕೊಂಡವರು ವರ್ಷದ ಅರ್ಧವನ್ನು ಮಳೆ ಬರಲಿ ಎಂದೂ ಇನ್ನರ್ಧವನ್ನು ಮಳೆ ಹೊಳವಾಗಲಿ ಎಂದೂ ಆಕಾಶ ನೋಡುತ್ತಲೇ ಕಳೆಯುತ್ತಾರೆ. ಆದರೆ 2021ರ ಆಗಸ್ಟ್ 7ರ ಶನಿವಾರ ಬೆಳಗಿನ ಜಾವ ನಮ್ಮ ಮನೆಯಲ್ಲಿ ಬೇಡಿಕೊಂಡ ಮಳೆ ಬೇರೆಯದು. ಅದು ಜಪಾನಿನಲ್ಲಿ ಸುರಿಯಬೇಕಿತ್ತು. ಟೋಕಿಯೊ ನಗರದಾಚೆ ಕಸುಮಿಗಸೆಕಿ ಎಂಬಲ್ಲಿರುವ ಗಾಲ್ಫ್ ಮೈದಾನದ ಮೇಲೆ, ಆಟ ಮುಂದುವರಿಸಲಾಗದಷ್ಟು ಜೋರಾಗಿ ಸುರಿಯಬೇಕಿತ್ತು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಒಂದು ಗಾಲ್ಫ್ ಪಂದ್ಯವನ್ನು ಪೂರ್ತಿ ನೋಡಿದವರಲ್ಲ. ಟಿವಿಯಲ್ಲಿ ಚಾನೆಲ್ ಬದಲಿಸುವಾಗ ಹಸಿರು ಹುಲ್ಲು, ಬಿಳಿ ಚೆಂಡು, ಟೋಪಿ ಹಾಕಿಕೊಂಡ ಜನ ಕಾಣಿಸಿದರೆ ಬೆರಳು ತಾನಾಗಿ ಮುಂದಿನ ಗುಂಡಿಗೆ ಹೋಗುತ್ತಿತ್ತು. ಆ ವಾರ ಮಾತ್ರ ಹಾಗಾಗಲಿಲ್ಲ. ಬೆಂಗಳೂರಿನ 23 ವರ್ಷದ ಹುಡುಗಿ ಅದಿತಿ ಅಶೋಕ್, ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್‌ನಲ್ಲಿ ಮೂರು ದಿನದ ಆಟ ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಒಟ್ಟು ನಾಲ್ಕು ದಿನದ ಆಟ. ನಾಲ್ಕನೆಯ ದಿನಕ್ಕೆ ಬಿರುಗಾಳಿಯ ಮುನ್ಸೂಚನೆ ಇತ್ತು. ಕೊನೆಯ ಸುತ್ತು ಮುಗಿಸಲು ಆಗದೇ ಹೋದರೆ ಮೂರು ದಿನದ ಲೆಕ್ಕವನ್ನೇ ಅಂತಿಮವೆಂದು ತೆಗೆದುಕೊಳ್ಳಬಹುದು ಎಂಬ ಸುದ್ದಿ ಶುಕ್ರವಾರವೇ ಹಬ್ಬಿತ್ತು. ಅಂದರೆ, ಮಳೆ ಬಂದರೆ ಬೆಳ್ಳಿ.

ಕೋವಿಡ್‌ನಿಂದಾಗಿ ಕಾಲೇಜು ಮುಚ್ಚಿ ಮನೆಯಲ್ಲೇ ಇದ್ದ ಅಣ್ಣನ ಮಗ, ಫೋನಿನಲ್ಲಿ ಒಂದು ಕಡೆ ಪಂದ್ಯದ ಅಂಕಪಟ್ಟಿ, ಇನ್ನೊಂದು ಕಡೆ ಜಪಾನಿನ ಹವಾಮಾನ ತೆರೆದಿಟ್ಟುಕೊಂಡು ಕೂತಿದ್ದ. ನಾನು ಚಹಾ ಲೋಟ ಹಿಡಿದು ಅವನ ಹೆಗಲ ಮೇಲಿಂದ ಇಣುಕುತ್ತಿದ್ದೆ. ದನದ ಕೊಟ್ಟಿಗೆಯಿಂದ ಬಂದ ನಮ್ಮ ತಾಯಿ ಇಷ್ಟು ಹೊತ್ತಿಗೇ ಏನು ನೋಡುತ್ತಿದ್ದೀರಿ ಎಂದು ಕೇಳಿದರು. ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಆ ಹುಡುಗಿ ಚೆನ್ನಾಗಿ ಆಡ್ತಿದಾಳೆ ಅಂತೀರಿ, ಮತ್ತೆ ಆಟ ನಿಲ್ಲಲಿ ಅಂತೀರಿ. ಇದೆಂಥದು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಇಷ್ಟು ವರ್ಷವಾದರೂ ನನ್ನೊಳಗೆ ಉಳಿದಿದೆ. ಒಂದು ಆಟದ ಕೊನೆಯ ಗಳಿಗೆಯಲ್ಲಿ ನೋಡುವವರು ನಿಜವಾಗಿ ಏನನ್ನು ಬಯಸುತ್ತಿರುತ್ತಾರೆ? ಆಟಗಾರ್ತಿಯನ್ನೋ, ಪದಕವನ್ನೋ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಗಾಲ್ಫ್ ನಮ್ಮ ನಾಡಿಗೆ ಬಂದದ್ದು ಬ್ರಿಟಿಷರ ಜೊತೆ. ಕಲ್ಕತ್ತೆಯಲ್ಲಿ 1829ರಲ್ಲಿ ಶುರುವಾದ ಕ್ಲಬ್, ಬ್ರಿಟನ್ನಿನ ಹೊರಗಿನ ಗಾಲ್ಫ್ ಕ್ಲಬ್‌ಗಳಲ್ಲೇ ಅತ್ಯಂತ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆಗಿನ್ನೂ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿರಲಿಲ್ಲ. ಅದಕ್ಕೆ ಇನ್ನೂ ಐದು ವರ್ಷ ಬಾಕಿ ಇತ್ತು. 1876 ಎಂಬ ಇಸವಿಗೆ ನಮ್ಮ ಸೀಮೆಯ ಹಿರಿಯರ ನೆನಪಿನಲ್ಲಿ ಇನ್ನೊಂದು ಅರ್ಥವಿದೆ. ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ಜನ ನೆನೆಯುತ್ತಿದ್ದ ಮಹಾಕ್ಷಾಮ ಆರಂಭವಾದ ವರ್ಷವದು. ಮಳೆ ಕೈಕೊಟ್ಟು ಸಂಸ್ಥಾನದಲ್ಲಿ ಲಕ್ಷಾಂತರ ಮಂದಿ ಸತ್ತರು. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹುಲ್ಲಿಗೆ ನೀರು ಹಾಯಿಸಿ ಆಡುವ ಆಟವೊಂದನ್ನು ಹೊಲಕ್ಕೆ ನೀರಿಲ್ಲದ ಜನ ತಮ್ಮದೆಂದು ಯಾಕೆ ಅಂದುಕೊಳ್ಳಲಿಲ್ಲ ಎಂಬುದಕ್ಕೆ ಆ ಇಸವಿಯೊಂದೇ ಸಾಕು.

ಸ್ವಾತಂತ್ರ್ಯದ ನಂತರವೂ ಆಟ ಬೇಲಿಯೊಳಗೇ ಉಳಿಯಿತು. ಬೆಂಗಳೂರಿನ ಇನ್ನೊಂದು ದೊಡ್ಡ ಮೈದಾನ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನದು, ಎದ್ದಿದ್ದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಸೂಳೆಕೆರೆಯ ನೀರು ನೋಡುತ್ತಾ ಬೆಳೆದ ನಮ್ಮ ಕಡೆಯವರಿಗೆ ಕೆರೆಯ ಅಂಗಳದಲ್ಲಿ ಚೆಂಡಾಟ ಎಂದರೆ ಬೇಸಿಗೆಯಲ್ಲಿ ನೀರಿಳಿದಾಗ ದನ ಕಾಯುವ ಹುಡುಗರು ಆಡುವುದು, ಮಳೆ ಬಂದ ಕೂಡಲೇ ಬಿಟ್ಟು ಬರುವುದು. ಅಲ್ಲಿ ಹಾಗಲ್ಲ. ಕೆರೆ ಹೋಗಿ ಮೈದಾನ ಬಂದರೆ ಮತ್ತೆ ಕೆರೆಯಾಗುವುದಿಲ್ಲ.

ಆ ಬೇಲಿಯನ್ನು ಮೊದಲು ದಾಟಿದವರು ಸದಸ್ಯರಲ್ಲ, ಕ್ಯಾಡಿಗಳು. ಆಡುವವರ ಚೀಲ ಹೊತ್ತು, ಚೆಂಡು ಬಿದ್ದ ಕಡೆ ಓಡಿ, ಯಾವ ದೂರಕ್ಕೆ ಯಾವ ಕೋಲು ಎಂದು ಪಿಸುಗುಟ್ಟುವ ಹುಡುಗರು. ಆಟವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದ ಪ್ರೇಕ್ಷಕರು ಅವರೇ. ಬೆಂಗಳೂರಿನಲ್ಲಿ ಹಾಗೆ ಕ್ಯಾಡಿಯಾಗಿ ಶುರು ಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಇದು ದೇಶದ ದೊಡ್ಡ ಗಾಲ್ಫ್ ಪಂದ್ಯಾವಳಿಗಳಲ್ಲಿ ಒಂದು. ಹೆಚ್ಚುವರಿ ಆಟಕ್ಕೆ ಹೋಗಿ, ಕೊರಿಯಾದ ಆಟಗಾರನನ್ನು ಸೋಲಿಸಿ ಪಡೆದ ಗೆಲುವು. ಆ ಸುದ್ದಿ ನಮ್ಮೂರಿಗೆ ಬಂದಿತ್ತೇ? ಬಂದಿರಬೇಕು, ಕ್ರೀಡಾಪುಟದ ಯಾವುದೋ ಮೂಲೆಯಲ್ಲಿ. ಅದಕ್ಕಾಗಿ ಯಾರೂ ನಸುಕಿನಲ್ಲಿ ಎದ್ದು ಕೂತದ್ದು ನನಗೆ ನೆನಪಿಲ್ಲ. ನಾನೂ ಕೂತಿರಲಿಲ್ಲ.

ಅದಿತಿಯ ಆಟ ಶುರುವಾದ ಕತೆ ಇದಕ್ಕಿಂತ ಬೇರೆ. ಸುಮಾರು ಐದು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಗಾಲ್ಫ್ ಮೈದಾನದ ಪಕ್ಕದ ಹೋಟೆಲಿಗೆ ಹೋಗುತ್ತಿದ್ದುದು, ಅಲ್ಲಿಂದ ಕೇಳಿಸುತ್ತಿದ್ದ ಜನರ ಸಂಭ್ರಮದ ಸದ್ದಿಗೆ ಕುತೂಹಲ ಹುಟ್ಟಿದ್ದು, ಒಳಗೆ ಹೋಗಿ ನೋಡಿದ್ದು, ಇವನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಅದಕ್ಕೂ ಮುಂಚೆ ಯಾರೂ ಗಾಲ್ಫ್ ಆಡಿದವರಲ್ಲ. ಆಟಕ್ಕೆ ಮೊದಲು ಕೇಳಿಸಿದ್ದು ಚಪ್ಪಾಳೆ. 2016ರಲ್ಲಿ, 18ನೇ ವಯಸ್ಸಿನಲ್ಲಿ, ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಅವರ ಚೀಲ ಹೊತ್ತವರು ತಂದೆ. ಅಲ್ಲಿ ಸಿಕ್ಕಿದ್ದು 41ನೇ ಸ್ಥಾನ. ಅದೇ ವರ್ಷ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿನ ಮಹಿಳಾ ಗಾಲ್ಫ್ ಪ್ರವಾಸದ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. ಟೋಕಿಯೊದಲ್ಲಿ ಚೀಲ ಹೊತ್ತವರು ತಾಯಿ.

ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ತಾಯಿ ಮಗಳು ಒಟ್ಟಿಗೆ ಕಾಣಿಸಿಕೊಂಡದ್ದು ಅದೇ ಮೊದಲಲ್ಲ. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಮಾರ್ಗರೆಟ್ ಅಬಾಟ್ ಎಂಬ ಅಮೆರಿಕದ ಯುವತಿ, ಆಕೆಯ ತಾಯಿ ಮೇರಿ ಅಬಾಟ್ ಇಬ್ಬರೂ ಒಂದೇ ಪಂದ್ಯದಲ್ಲಿ ಆಡಿದರು. ಒಂಬತ್ತು ಕುಳಿಗಳ ಆಟ. 47 ಹೊಡೆತಗಳಲ್ಲಿ ಮುಗಿಸಿದ ಮಾರ್ಗರೆಟ್ ಗೆದ್ದರು. ಈ ಮಾರ್ಗರೆಟ್ ಹುಟ್ಟಿದ್ದು 1878ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಆಗಿನ ಪ್ಯಾರಿಸ್ ಕೂಟ ಲೋಕ ವಸ್ತುಪ್ರದರ್ಶನದ ಜೊತೆ ಎಷ್ಟು ಕಲಸಿಹೋಗಿತ್ತೆಂದರೆ, ತಾನು ಆಡಿದ್ದು ಒಲಿಂಪಿಕ್ಸ್ ಎಂದು ಆಕೆಗೆ ತಿಳಿಯಲೇ ಇಲ್ಲ. ಬಹುಮಾನವಾಗಿ ಬಂದದ್ದು ಪಿಂಗಾಣಿ ಬಟ್ಟಲು. 1955ರಲ್ಲಿ ತೀರಿಕೊಳ್ಳುವಾಗಲೂ ತಾನು ಅಮೆರಿಕದ ಮೊದಲ ಮಹಿಳಾ ಒಲಿಂಪಿಕ್ ಚಾಂಪಿಯನ್ ಎಂಬುದು ಆಕೆಗೆ ಗೊತ್ತಿರಲಿಲ್ಲ. ಪೌಲಾ ವೆಲ್ಚ್ ಎಂಬ ಪ್ರಾಧ್ಯಾಪಕಿ ವರ್ಷಗಟ್ಟಲೆ ಹುಡುಕಿ, ಮಾರ್ಗರೆಟ್ ಮಕ್ಕಳಿಗೆ ವಿಷಯ ಮುಟ್ಟಿಸಬೇಕಾಯಿತು. 1904ರ ನಂತರ ಗಾಲ್ಫ್ ಒಲಿಂಪಿಕ್ಸ್‌ನಿಂದಲೇ ಮಾಯವಾಗಿ, ಮರಳಿದ್ದು 2016ರಲ್ಲಿ.

ಗೆದ್ದರೂ ಯಾರೂ ನೋಡದ ಆಟ ಅದು. ಟೋಕಿಯೊದ್ದು ಇದಕ್ಕೆ ತದ್ವಿರುದ್ಧ.

ಕಸುಮಿಗಸೆಕಿ ಕ್ಲಬ್ 1929ರದ್ದು. 2017ರವರೆಗೆ ಅಲ್ಲಿ ಹೆಂಗಸರಿಗೆ ಪೂರ್ಣ ಸದಸ್ಯತ್ವವಿರಲಿಲ್ಲ. ಭಾನುವಾರ ಆಡುವಂತೆಯೂ ಇರಲಿಲ್ಲ. ಒಲಿಂಪಿಕ್ಸ್ ಇಲ್ಲಿ ನಡೆಯಬೇಕಾದರೆ ಇದು ಬದಲಾಗಬೇಕು ಎಂದು ಒತ್ತಡ ಬಂದ ಮೇಲೆ ನಿಯಮ ಸಡಿಲವಾಯಿತು. 2021ರಲ್ಲಿ ಆ ಹುಲ್ಲಿನ ಮೇಲೆ 60 ಮಹಿಳೆಯರು ಆಡಿದರು. ಆದರೆ ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಚಪ್ಪಾಳೆಯ ಸದ್ದು ಕೇಳಿ ಆಟಕ್ಕೆ ಬಂದ ಹುಡುಗಿ, ತನ್ನ ಬದುಕಿನ ದೊಡ್ಡ ಪಂದ್ಯವನ್ನು ಹೆಚ್ಚುಕಡಿಮೆ ನಿಶ್ಶಬ್ದದಲ್ಲಿ ಆಡಿದರು. ಆ ಸದ್ದೆಲ್ಲ ಸಾವಿರಾರು ಮೈಲಿ ಈಚೆ, ಮನೆಗಳಲ್ಲಿ, ಫೋನುಗಳ ಮುಂದೆ ಉಳಿದಿತ್ತು.

ಓದುಗರಲ್ಲಿ ಗಾಲ್ಫ್ ಗೊತ್ತಿಲ್ಲದವರಿಗಾಗಿ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ದಿನಕ್ಕೆ 18 ಕುಳಿ, ನಾಲ್ಕು ದಿನಕ್ಕೆ 72. ಪ್ರತಿ ಕುಳಿಗೂ ಇಷ್ಟು ಹೊಡೆತದಲ್ಲಿ ಚೆಂಡು ಸೇರಬೇಕು ಎಂಬ ನಿಗದಿ ಇರುತ್ತದೆ, ಅದು ಪಾರ್. ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಒಟ್ಟು ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಈ ಮಾತುಗಳನ್ನು ನಾನು ಕಲಿತದ್ದು ಆ ವಾರವೇ, ಅಣ್ಣನ ಮಗನಿಂದ. ಅವನು ಕಲಿತದ್ದು ನನಗಿಂತ ಎರಡು ದಿನ ಮುಂಚೆ.

ಅದಿತಿ ಮೊದಲ ಮೂರು ದಿನ 67, 66, 68 ಹೊಡೆತಗಳಲ್ಲಿ ಆಟ ಮುಗಿಸಿದ್ದರು. ಮುಂದಿದ್ದವರು ಒಬ್ಬರೇ, ಆಗಿನ ವಿಶ್ವದ ನಂಬರ್ ಒನ್ ಆಟಗಾರ್ತಿ, ಅಮೆರಿಕದ ನೆಲ್ಲಿ ಕೊರ್ಡಾ. ಅದಿತಿಯ ಶ್ರೇಯಾಂಕ 200. ಕೆಲವೇ ತಿಂಗಳ ಹಿಂದೆ ಕೋವಿಡ್ ಬಂದು ಶಕ್ತಿ ಕುಂದಿತ್ತು; ದೂರಕ್ಕೆ ಹೊಡೆಯುವುದರಲ್ಲಿ ಅವರು ಕಣದಲ್ಲಿದ್ದ ಬಹುತೇಕರಿಗಿಂತ ಹಿಂದೆ. ಬೇರೆಯವರ ಮೊದಲ ಹೊಡೆತ ಎಲ್ಲೋ ಹೋಗಿ ಬೀಳುವಾಗ ಇವರದು ಅದಕ್ಕಿಂತ ಎಷ್ಟೋ ಈಚೆ ನಿಲ್ಲುತ್ತಿತ್ತು. ಆ ಕೊರತೆಯನ್ನು ಕುಳಿಯ ಹತ್ತಿರದ ನಯವಾದ ಹುಲ್ಲಿನ ಮೇಲೆ, ಚೆಂಡನ್ನು ಮೆಲ್ಲಗೆ ಉರುಳಿಸುವ ಪಟ್‌ನಲ್ಲಿ ತುಂಬಿಕೊಳ್ಳುತ್ತಿದ್ದರು. ಕಡಿಮೆ ಬಂಡವಾಳದಲ್ಲಿ ಸಂಸಾರ ತೂಗಿಸುವವರನ್ನು ಕಂಡ ನಮಗೆ ಈ ಆಟದ ಬಗೆ ಬೇಗ ಅರ್ಥವಾಯಿತು.

ಕೊನೆಯ ದಿನ 9 ಮತ್ತು 11ನೇ ಕುಳಿಗಳಲ್ಲಿ ಬೋಗಿ. 13 ಮತ್ತು 14ರಲ್ಲಿ ಬರ್ಡಿ. ಅದೇ ಗುಂಪಿನಲ್ಲಿ ಆಡುತ್ತಿದ್ದ ನ್ಯೂಜಿಲೆಂಡಿನ ಲಿಡಿಯಾ ಕೊ ಜೊತೆ ಸರಿಸಮ. ಎರಡು ಕುಳಿ ಬಾಕಿ ಇರುವಾಗ, ಹೌದು, ಗುಡುಗು ಬಂತು. ಆಟ ನಿಂತಿತು. ಅಣ್ಣನ ಮಗ ಎದ್ದು ನಿಂತ. ಆದರೆ ಅಷ್ಟು ಹೊತ್ತಿಗೆ ಲೆಕ್ಕ ಬದಲಾಗಿತ್ತು. ಬಹುಪಾಲು ಮುಗಿದುಹೋದ ಸುತ್ತನ್ನು ಮಳೆಯ ನೆಪದಲ್ಲಿ ಅಳಿಸಿಹಾಕುತ್ತಾರೆಯೇ ಎಂಬ ಅನುಮಾನ ನಮಗೇ ಹುಟ್ಟಿತು. ಸುಮಾರು ಮುಕ್ಕಾಲು ಗಂಟೆ ಕಾದೆವು. ಜಪಾನಿನ ಮೋಡ ಸರಿಯಿತು. ಆಟ ಮತ್ತೆ ಶುರುವಾಯಿತು.

17ರಲ್ಲಿ ಕೊ ಬರ್ಡಿ ಹೊಡೆದು ಒಂದು ಹೆಜ್ಜೆ ಮುಂದೆ ಹೋದರು. 18ನೆಯದು ಕೊನೆಯದು. ಅದಿತಿಯ ಚೆಂಡು ಗ್ರೀನ್ ಮೇಲೆ ಬಂದು ನಿಂತಿತ್ತು, ಆದರೆ ಕುಳಿಯಿಂದ ದೂರ. ಅದು ಒಳಗೆ ಬಿದ್ದರೆ ಪದಕದ ಹೆಚ್ಚುವರಿ ಆಟಕ್ಕೆ ಅವಕಾಶ. ಚೆಂಡು ಉರುಳಿತು. ನಮ್ಮ ತಾಯಿಯೂ ಬಂದು ನಿಂತಿದ್ದರು. ಚೆಂಡು ಕುಳಿಯ ಪಕ್ಕದಲ್ಲಿ ಹಾದುಹೋಯಿತು.

ಕೊರ್ಡಾಗೆ ಚಿನ್ನ, 267 ಹೊಡೆತ. ಜಪಾನಿನ ಮೋನೆ ಇನಾಮಿ ಮತ್ತು ಕೊ ತಲಾ 268. ಹೆಚ್ಚುವರಿ ಆಟದಲ್ಲಿ ಇನಾಮಿಗೆ ಬೆಳ್ಳಿ, ಕೊಗೆ ಕಂಚು. ಅದಿತಿ 269. ನಾಲ್ಕನೆಯವರು. ನಾಲ್ಕು ದಿನ, 72 ಕುಳಿ, ಒಂದು ಹೊಡೆತ.

ನಮ್ಮ ದೇಶಕ್ಕೆ ನಾಲ್ಕನೇ ಸ್ಥಾನದ ದೊಡ್ಡ ಚರಿತ್ರೆಯೇ ಇದೆ. 1956ರ ಮೆಲ್ಬರ್ನ್‌ನಲ್ಲಿ ಫುಟ್‌ಬಾಲ್ ತಂಡ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್. 1984ರ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡ ಪಿ.ಟಿ. ಉಷಾ. 2016ರಲ್ಲಿ ದೀಪಾ ಕರ್ಮಾಕರ್. ಅದಿತಿಯ ಪಂದ್ಯಕ್ಕೆ ಒಂದು ದಿನ ಮುಂಚೆ, ಬ್ರಿಟನ್ ವಿರುದ್ಧ 3-4ರಿಂದ ಸೋತ ಮಹಿಳಾ ಹಾಕಿ ತಂಡ. ಮಿಲ್ಖಾ ಸಿಂಗ್ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡಿದ್ದರು. ಅರವತ್ತು ವರ್ಷ ಕಳೆದ ಮೇಲೂ ಪತ್ರಿಕೆಗಳು ಬರೆದದ್ದು ರೋಮ್‌ನ ಆ ಓಟದ ಕುರಿತೇ. ಉಷಾ ಸೋತ ಸುದ್ದಿಯನ್ನು ನಾನು ಹುಡುಗನಾಗಿದ್ದಾಗ ಊರಿನ ಚಹಾದಂಗಡಿಯಲ್ಲಿ ದೊಡ್ಡವರು ಪತ್ರಿಕೆ ಓದಿ ಹೇಳಿದ್ದು ನೆನಪಿದೆ. ಓಟವನ್ನು ಅವರಾರೂ ನೋಡಿರಲಿಲ್ಲ. ಆದರೂ ಎಡಗಾಲು ಮೊದಲು ಇಡಬೇಕಿತ್ತು, ಎದೆ ಮುಂದೆ ಚಾಚಬೇಕಿತ್ತು ಎಂದು ಒಬ್ಬೊಬ್ಬರೂ ಹೇಳುತ್ತಿದ್ದರು. ನಾಲ್ಕನೇ ಸ್ಥಾನವೆಂದರೆ ಹಾಗೆ, ಎಲ್ಲರೂ ತಿದ್ದಲು ಬರುವ ಲೆಕ್ಕ.

ಅದಿತಿಯ ವಿಷಯದಲ್ಲಿ ಮಾತ್ರ ಆ ದಿನ ಯಾರೂ ತಿದ್ದಲಿಲ್ಲ. ರಾಷ್ಟ್ರಪತಿ, ಪ್ರಧಾನಿಯಿಂದ ಹಿಡಿದು ಹೆಸರಿಲ್ಲದ ಸಾವಿರಾರು ಜನ ಮೆಚ್ಚಿ ಬರೆದರು. ಗಾಲ್ಫ್‌ನ ಗಂಧಗಾಳಿ ಇಲ್ಲದೆಯೂ ನಸುಕಿನಲ್ಲಿ ಎದ್ದು ನೋಡಿದೆವು ಎಂದು ಜನ ಹೆಮ್ಮೆಯಿಂದ, ಸ್ವಲ್ಪ ನಾಚಿಕೆಯಿಂದ ಹೇಳಿಕೊಂಡರು. ಬೇರೆ ಯಾವುದೇ ಪಂದ್ಯದಲ್ಲಾದರೆ ನಾಲ್ಕನೆಯ ಸ್ಥಾನಕ್ಕೆ ಖುಷಿಪಡುತ್ತಿದ್ದೆ, ಒಲಿಂಪಿಕ್ಸ್‌ನಲ್ಲಿ ಅದು ಕಷ್ಟ ಎಂಬ ಅರ್ಥದ ಮಾತನ್ನು ಹೇಳಿದವರು ಅದಿತಿ ಮಾತ್ರ. ಸೋತವರಿಗೆ ದುಃಖ, ನೋಡಿದವರಿಗೆ ಸಂತೋಷ. ಇಂಥದ್ದು ನಮ್ಮ ಕ್ರೀಡಾ ಚರಿತ್ರೆಯಲ್ಲಿ ಅಪರೂಪ.

ನಾವು ಅಷ್ಟು ಉದಾರವಾದದ್ದು ಹೇಗೆ? ಆಗ ನಾನು ಇದನ್ನು ದೇಶ ಪ್ರಬುದ್ಧವಾಗಿರುವುದರ ಗುರುತು ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಅದೇ ಸಂಜೆ ನೀರಜ್ ಚೋಪ್ರಾ 87.58 ಮೀಟರ್ ದೂರಕ್ಕೆ ಜಾವೆಲಿನ್ ಎಸೆದು ಚಿನ್ನ ಗೆದ್ದರು. ನಮ್ಮೂರಲ್ಲೂ ಪಟಾಕಿ ಹೊಡೆದರು. ಬೆಳಗ್ಗೆ ಗಾಲ್ಫ್ ನೋಡಿದ್ದನ್ನು ರಾತ್ರಿಯ ಹೊತ್ತಿಗೆ ಯಾರೂ ನೆನೆಯಲಿಲ್ಲ.

ಎರಡು ವರ್ಷದ ನಂತರ, 2023ರ ಅಕ್ಟೋಬರ್ 1ರಂದು, ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿ ಕೊನೆಯ ದಿನದ ಆಟಕ್ಕೆ ಇಳಿದಾಗ ಏಳು ಹೊಡೆತಗಳಷ್ಟು ಮುಂದಿದ್ದರು. ಆ ದಿನ ಆಟ ಕೈಹಿಡಿಯಲಿಲ್ಲ, 77 ಹೊಡೆತ. ಥಾಯ್ಲೆಂಡಿನ ಆಟಗಾರ್ತಿಗೆ ಚಿನ್ನ, ಅದಿತಿಗೆ ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಟೋಕಿಯೊದಲ್ಲಿ ನಾವು ಮಳೆ ಬರಲಿ ಎಂದು ಬೇಡಿಕೊಂಡಿದ್ದು ಬೆಳ್ಳಿಗಾಗಿ. ಹಾಂಗ್‌ಝೌನಲ್ಲಿ ಬೆಳ್ಳಿ ಆಡಿಯೇ ಬಂದಿತ್ತು. ನನ್ನ ಬಾಯಿಂದ ಬಂದ ಮೊದಲ ಮಾತು, "ಛೆ, ಏಳು ಹೊಡೆತ ಮುಂದಿದ್ದು ಕಳಕೊಂಡಳಲ್ಲ." ಸುತ್ತಮುತ್ತ ಕೇಳಿಸಿದ್ದೂ ಇಂಥದ್ದೇ. ನಾನೂ 1984ರ ಚಹಾದಂಗಡಿಯ ದೊಡ್ಡವರಲ್ಲಿ ಒಬ್ಬನಾಗಿದ್ದೆ.

ಈ ನಡುವೆ ಆದದ್ದು ಇಷ್ಟೇ. 2021ರಲ್ಲಿ ನನಗೆ ಬರ್ಡಿ ಬೋಗಿ ಗೊತ್ತಿರಲಿಲ್ಲ. ಆದ್ದರಿಂದ ಕಂಡದ್ದೆಲ್ಲ ಆ ಹುಡುಗಿ, ಚೀಲ ಹೊತ್ತ ತಾಯಿ, ಇಷ್ಟಿಷ್ಟೇ ಮುಂದೆ ಹೋಗುವ ಚೆಂಡು. 2023ರ ಹೊತ್ತಿಗೆ ಲೆಕ್ಕ ಗೊತ್ತಾಗಿತ್ತು. ಅರ್ಧ ಗೊತ್ತಾದರೂ ಸಾಕು, ನೋಡುಗ ಯಜಮಾನನಾಗುತ್ತಾನೆ. ಆಮೇಲೆ ಅವನಿಗೆ ಆಟ ಕಾಣುವುದಿಲ್ಲ, ಬರಬೇಕಾಗಿದ್ದ ಬಾಕಿ ಮಾತ್ರ ಕಾಣುತ್ತದೆ.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್. ಅದಿತಿ ಮತ್ತೆ ಆಡಿದರು, ಮೂರನೆಯ ಒಲಿಂಪಿಕ್ಸ್. 29ನೇ ಸ್ಥಾನವನ್ನು ಹಂಚಿಕೊಂಡರು. ಈ ಸಲ ಚಿನ್ನ ಲಿಡಿಯಾ ಕೊ ಅವರದು. ರಿಯೊದಲ್ಲಿ ಬೆಳ್ಳಿ, ಟೋಕಿಯೊದಲ್ಲಿ ಕಂಚು, ಪ್ಯಾರಿಸ್‌ನಲ್ಲಿ ಚಿನ್ನ, ಮೂರೂ ಅವರ ಮನೆ ಸೇರಿದವು. ಮಾರ್ಗರೆಟ್ ಅಬಾಟ್ ಯಾರಿಗೂ ತಿಳಿಯದೆ ಗೆದ್ದ ಊರಿನ ಕೂಟದಲ್ಲೇ, 124 ವರ್ಷಗಳ ನಂತರ. ನಮ್ಮ ಮನೆಯಲ್ಲಿ ಯಾರೂ ಕಾದು ಕೂರಲಿಲ್ಲ. ಅಣ್ಣನ ಮಗ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ್ದ. ನಾನು ಮರುದಿನ ಫಲಿತಾಂಶ ಓದಿದೆ.

ಮೊನ್ನೆ ತಾಯಿಗೆ ಈ ಬರಹದ ವಿಷಯ ಹೇಳುತ್ತಾ, ಆ ಮಳೆಯ ದಿನದ ಹುಡುಗಿ ನೆನಪಿದೆಯೇ ಎಂದು ಕೇಳಿದೆ. ಹೆಸರು ನೆನಪಿಲ್ಲ ಎಂದರು. ನಾಲ್ಕನೆಯವಳಾದದ್ದೂ ನೆನಪಿರಲಿಲ್ಲ. "ಚೆಂಡು ಇನ್ನೇನು ಬಿತ್ತು ಅಂತ ನಿಂತಿದ್ವಲ್ಲ, ಅವಳೇ ತಾನೆ?" ಎಂದರು. ಸ್ವಲ್ಪ ತಡೆದು, "ಈಗಲೂ ಆಡ್ತಾಳಾ?" ಎಂದು ಕೇಳಿದರು.

ಆಡುತ್ತಾಳೆ ಎಂದೆ. ಮುಂದಿನ ಸಲ ಹೇಳು, ಏಳುತ್ತೇನೆ ಎಂದರು.